ನಿಂತ ಗಾಳಿಯಲ್ಲಿ ಎಂಜಿನ್: ಬೈಕಿನ ಕಾವು ತಗ್ಗಿಸುವ ತಂತ್ರಗಳ ಬೆಳವಣಿಗೆ

ಆಂಧ್ರದ ಗಡಿ ಸೀಮೆಯಲ್ಲಿ ಬಳ್ಳಾರಿಗೆ ಅಂಟಿಕೊಂಡಂತಿರುವ ಡಿ. ಹಿರೇಹಾಳ್ ಮಂಡಲದಲ್ಲಿಯೂ ರಾಯದುರ್ಗದ ಬಯಲಿನಲ್ಲಿಯೂ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ ಸಂಗತಿ. ಅದಿರು ಲಾರಿಗಳ ಹಿಂದೆ, ಸಂತೆಯ ಜನಜಂಗುಳಿಯಲ್ಲಿ, ಬಳ್ಳಾರಿ ಪೇಟೆಯ ಸಿಗ್ನಲ್‌ಗಳಲ್ಲಿ ತೆವಳುತ್ತ ಸಾಗುವ ಬೈಕ್ ಎದುರಿಸುವ ಕಾವು, ಹೆದ್ದಾರಿಯಲ್ಲಿ ಓಡುವ ಬೈಕಿನ ಕಾವಿಗಿಂತ ಬೇರೆ ಬಗೆಯದು. ತಂಪುಗೊಳಿಸುವ ತಂತ್ರಗಳು ಬಹುಮಟ್ಟಿಗೆ ಓಡುವ ವಾಹನವನ್ನೇ ಕಣ್ಣ ಮುಂದಿಟ್ಟುಕೊಂಡು ರೂಪುಗೊಂಡವು. ತೆವಳುವ ವಾಹನದ ಕಡೆಗೆ, ಅದರಲ್ಲಿಯೂ ಕಡಿಮೆ ಬೆಲೆಯ ಬೈಕಿನ ಕಡೆಗೆ, ಆ ಗಮನ ಇಂದಿಗೂ ಪೂರ್ತಿಯಾಗಿ ಹರಿದಿಲ್ಲ.

ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಸೈಲೆನ್ಸರಿನ ಹೊಗೆಯೊಡನೆ ಹೋದರೆ, ಇನ್ನೊಂದು ಪಾಲನ್ನು ಸಿಲಿಂಡರಿನ ಗೋಡೆ, ಹೆಡ್ ಮತ್ತು ಎಂಜಿನ್ ಆಯಿಲ್‌ಗಳ ಮೂಲಕ ಹೊರಹಾಕಬೇಕಾಗುತ್ತದೆ. ಗಾಳಿಯಿಂದ ತಂಪಾಗುವ ಎಂಜಿನ್ನಿನಲ್ಲಿ ಈ ಕೆಲಸ ಮಾಡುವುದು ಫಿನ್‌ಗಳು, ಅಂದರೆ ಸಿಲಿಂಡರಿನ ಸುತ್ತ ಪದರಪದರವಾಗಿ ಚಾಚಿಕೊಂಡಿರುವ ಲೋಹದ ತೆಳು ಹಾಳೆಗಳು. ಫಿನ್‌ನಿಂದ ಗಾಳಿಗೆ ಹರಿಯುವ ಕಾವು ಅವೆರಡರ ಉಷ್ಣತೆಯ ವ್ಯತ್ಯಾಸಕ್ಕೆ ತಕ್ಕಂತಿರುತ್ತದೆ. 150 ಡಿಗ್ರಿ ಕಾದ ಫಿನ್‌ಗೆ 25 ಡಿಗ್ರಿಯ ಗಾಳಿ ತಾಗಿದಾಗ ವ್ಯತ್ಯಾಸ 125 ಡಿಗ್ರಿ, 42 ಡಿಗ್ರಿಯ ಗಾಳಿ ತಾಗಿದಾಗ 108 ಡಿಗ್ರಿ. ಎಂದರೆ ಕಡು ಬೇಸಿಗೆಯು ತಂಪುಗೊಳಿಸುವ ಶಕ್ತಿಯಲ್ಲಿ ಕಸಿದುಕೊಳ್ಳುವುದು ಸುಮಾರು ಶೇ. 14ರಷ್ಟು ಮಾತ್ರ. ಗಾಳಿಯ ಓಟವೇ ನಿಂತುಹೋದಾಗ ಆಗುವ ನಷ್ಟ ಇದಕ್ಕಿಂತ ಬಹಳ ಹೆಚ್ಚು. ಎಂಜಿನ್ ಕಾದುದಕ್ಕೆ ಬಿಸಿಲನ್ನೇ ದೂರುವ ರೂಢಿ ಅರ್ಧ ಮಾತ್ರ ಸರಿ.

ಮೊದಮೊದಲಿನ ಪ್ರಯೋಗಗಳಲ್ಲಿ ನೀರಿನ ತಂಪೂ ಇತ್ತು. 1894ರಲ್ಲಿ ಜರ್ಮನಿಯಲ್ಲಿ ತಯಾರಾದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಬೈಕಿನ ಹಿಂದಿನ ಮಡ್‌ಗಾರ್ಡೇ ನೀರಿನ ತೊಟ್ಟಿಯಾಗಿತ್ತು. ಆದರೆ ತೂಕ ಮತ್ತು ಸೋರಿಕೆಗಳ ಕಾಟದಿಂದಾಗಿ ಫಿನ್‌ಗಳೇ ಗೆದ್ದು, ಮುಂದಿನ ಹಲವು ದಶಕಗಳನ್ನು ಆಳಿದವು.

ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಘಟ್ಟ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳು ಟೂ ಸ್ಟ್ರೋಕ್ ಬೈಕುಗಳು. ಆಯಿಲ್ ಬೆರೆತ ಪೆಟ್ರೋಲನ್ನು ಅವು ಪ್ರತಿ ಸುತ್ತಿಗೂ ಒಮ್ಮೆ ಉರಿಸುತ್ತಿದ್ದುದರಿಂದ ಸಿಲಿಂಡರಿಗೆ ಬಿಡುವು ಕಡಿಮೆ. ಬೀಡು ಕಬ್ಬಿಣದ ಸಿಲಿಂಡರಿಗಿಂತ ಅಲ್ಯೂಮಿನಿಯಂ ಪಿಸ್ಟನ್ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವ ಗುಣದ್ದಾದ್ದರಿಂದ, ಕಾವು ಮಿತಿಮೀರಿದಾಗ ನಡುವಿನ ಸಂದು ಮುಚ್ಚಿ, ಆಯಿಲ್ ಪದರ ಹರಿದು, ಪಿಸ್ಟನ್ ಸಿಲಿಂಡರಿನ ಒಳಗೋಡೆಗೆ, ಅಂದರೆ ಬೋರಿಗೆ, ಕಚ್ಚಿಕೊಳ್ಳುತ್ತಿತ್ತು. ಮೆಕ್ಯಾನಿಕ್‌ಗಳು ಇದನ್ನು ಸೀಜ್ ಆಗುವುದು ಎನ್ನುತ್ತಾರೆ. ಗೀಚು ಬಿದ್ದ ಬೋರನ್ನು ಮತ್ತೆ ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ ಕೂರಿಸುವುದು ಆ ಕಾಲದ ಗ್ಯಾರೇಜುಗಳ ದಿನನಿತ್ಯದ ಕಸುಬಾಗಿತ್ತು.

ಅದೇ ಕಾಲದ ಸ್ಕೂಟರಿನಲ್ಲಿ ಮಾತ್ರ ನಿಂತ ಗಾಳಿಗೆ ಉತ್ತರ ಸಿದ್ಧವಾಗಿತ್ತು. ವೆಸ್ಪಾದಿಂದ ಬಂದು ಬಜಾಜ್ ಚೇತಕ್‌ನಲ್ಲಿ ಮುಂದುವರಿದ ವ್ಯವಸ್ಥೆಯಲ್ಲಿ, ಎಂಜಿನ್ನಿನ ಫ್ಲೈವೀಲಿಗೇ ಫ್ಯಾನಿನ ರೆಕ್ಕೆಗಳಿದ್ದು, ತಗಡಿನ ಮುಚ್ಚಳದೊಳಗಿಂದ ಅದು ಸಿಲಿಂಡರಿನ ಮೇಲೆ ಗಾಳಿ ದೂಡುತ್ತಿತ್ತು. ವಾಹನ ನಿಂತಿದ್ದರೂ ಎಂಜಿನ್ ತಿರುಗುತ್ತಿರುವಷ್ಟು ಕಾಲ ಗಾಳಿ ನಿಲ್ಲುತ್ತಿರಲಿಲ್ಲ. ಇಂದಿನ ಆಕ್ಟಿವಾದಲ್ಲಿಯೂ ಇರುವುದು ಇದೇ ತತ್ತ್ವ. ಇಷ್ಟು ಸರಳವಾದ, ಅಗ್ಗದ ಉಪಾಯವನ್ನು ಬೈಕ್ ತಯಾರಕರು ತಮ್ಮದಾಗಿಸಿಕೊಳ್ಳದಿದ್ದುದು ಈ ಕ್ಷೇತ್ರದ ದೊಡ್ಡ ಕೊರತೆಯೆಂದೇ ಹೇಳಬೇಕು.

1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಸಮಸ್ಯೆಯನ್ನು ಇನ್ನೊಂದು ದಾರಿಯಲ್ಲಿ ತಗ್ಗಿಸಿತು. ಫೋರ್ ಸ್ಟ್ರೋಕಿನ ಅದರ 97 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉರಿಸುವಂಥದ್ದು. ಸುಡುವ ಪೆಟ್ರೋಲೇ ಕಡಿಮೆಯಾದ್ದರಿಂದ ಹೊರಹಾಕಬೇಕಾದ ಕಾವೂ ಕಡಿಮೆಯಾಯಿತು. ಗಡಿ ಸೀಮೆಯ ಹಳ್ಳಿಗಳಲ್ಲಿ ನೂರು ಸಿಸಿ ಬೈಕುಗಳು ಗಟ್ಟಿಯಾಗಿ ನೆಲೆಯೂರಿದುದಕ್ಕೆ ಮೈಲೇಜಿನಷ್ಟೇ ಈ ತಾಳಿಕೆಯೂ ಕಾರಣ.

ಶಕ್ತಿ ಹೆಚ್ಚಿದಾಗ ಹೊಸ ಏರ್ಪಾಡು ಬೇಕಾಯಿತು. 2007ರ ಪಲ್ಸರ್ 220ರಲ್ಲಿ ಆಯಿಲನ್ನೇ ಪುಟ್ಟ ಜಾಲರಿಯಲ್ಲಿ ಹರಿಸಿ ತಣಿಸುವ ಆಯಿಲ್ ಕೂಲರ್ ಬಂತು. 2008ರ ಯಮಾಹಾ ಆರ್15, 2012ರ ಕೆಟಿಎಂ ಡ್ಯೂಕ್ 200 ಬೈಕುಗಳು ದ್ರವದ ತಂಪನ್ನು ಯುವಜನರ ಕೈಗೆ ತಂದವು. ಇಲ್ಲಿ ಗ್ಲೈಕಾಲ್ ಬೆರೆತ ನೀರು, ಅಂದರೆ ಕೂಲಂಟ್, ಸಿಲಿಂಡರನ್ನು ಸುತ್ತಿ ರೇಡಿಯೇಟರಿಗೆ ಬರುತ್ತದೆ. ಕಾವು ನಿಗದಿತ ಮಟ್ಟ ಮುಟ್ಟಿದೊಡನೆ ವಿದ್ಯುತ್ ಫ್ಯಾನ್ ತಾನಾಗಿ ತಿರುಗುತ್ತದೆ. ಆದರೆ 95 ಡಿಗ್ರಿಯ ಕೂಲಂಟಿಗೂ 42 ಡಿಗ್ರಿಯ ಗಾಳಿಗೂ ಇರುವ ವ್ಯತ್ಯಾಸ ಬರೀ 53 ಡಿಗ್ರಿ. 25 ಡಿಗ್ರಿಯ ಗಾಳಿಯಲ್ಲಿ ಅದು 70. ಬೇಸಿಗೆಯ ಪೆಟ್ಟು ದ್ರವದ ತಂಪಿಗೆ ಹೆಚ್ಚು ತಾಗುವುದರಿಂದ, ಫ್ಯಾನ್ ಕೆಟ್ಟರೆ ಕೂಲಂಟ್ ನಿಂತಲ್ಲೇ ಕುದಿಯುತ್ತದೆ. ಫ್ಯಾನ್ ಸರಿಯಿದ್ದರೂ ಆ ಬಿಸಿಗಾಳಿ ಸವಾರನ ಮೊಣಕಾಲಿಗೇ ಬಡಿಯುತ್ತದೆ, ಎಂಜಿನ್ನಿನ ಕಾವು ಸವಾರನಿಗೆ ವರ್ಗವಾಗುತ್ತದೆ. 2018ರಲ್ಲಿ ಮರುಹುಟ್ಟು ಪಡೆದ ಜಾವಾ, ಒಳಗೆ ದ್ರವದ ತಂಪು ಇಟ್ಟುಕೊಂಡೂ ಹೊರಗೆ ಹಳೆಯ ಚೆಲುವಿಗಾಗಿ ಫಿನ್‌ಗಳನ್ನು ಉಳಿಸಿಕೊಂಡಿತು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮಗಳು ಹೊಸ ತೊಡಕನ್ನೂ ಹೊಸ ಅನುಕೂಲವನ್ನೂ ತಂದವು. ಹೊಗೆಯ ವಿಷಾಂಶವನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯಲೆಂದು ಎಂಜಿನ್ನಿಗೆ ಹತ್ತಿರ ಕೂತು, ಕಾಲಿನ ಬಳಿ ಇನ್ನೊಂದು ಒಲೆಯಾಯಿತು. ಆದರೆ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದುದರಿಂದ ಎಂಜಿನ್ನಿನ ಕಾವನ್ನು ಅಳೆದು ಪೆಟ್ರೋಲಿನ ಅಳತೆ ತಿದ್ದುವುದು ಸಾಧ್ಯವಾಯಿತು. ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಆಮ್ಲಜನಕದ ಅಂಶ ಇರುವುದರಿಂದ, ಹಳೆಯ ಕಾರ್ಬ್ಯುರೇಟರ್ ಬೈಕುಗಳಲ್ಲಿ ಮಿಶ್ರಣ ತೆಳುವಾಗಿ ಕಾವು ಏರಬಹುದಾದ ಸಂಗತಿಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು.

ಗಡಿ ಸೀಮೆಯ ಸವಾರನಿಗೆ ಸಂಬಂಧಿಸಿದ ಎರಡು ಸಂಗತಿಗಳು ಕಂಪನಿಯ ಪುಸ್ತಿಕೆಗಿಂತ ರಸ್ತೆಯ ಮೇಲೆ ಹೆಚ್ಚು ಎದ್ದು ಕಾಣುತ್ತವೆ. ಮೊದಲನೆಯದು ಹಾಫ್ ಕ್ಲಚ್: ಲಾರಿಯ ಹಿಂದೆ ತೆವಳುವಾಗ ಕ್ಲಚ್ಚನ್ನು ಅರ್ಧ ಹಿಡಿದೇ ಸಾಗಿದರೆ ತಟ್ಟೆಗಳ ಉಜ್ಜಾಟದ ಕಾವು ನೇರವಾಗಿ ಆಯಿಲಿಗೆ ಸೇರಿ, ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು. ಎರಡನೆಯದು ಅದಿರಿನ ಕೆಂಪು ಧೂಳು: ಸೋರಿದ ಆಯಿಲಿಗೆ ಮೆತ್ತಿಕೊಂಡು ಅದು ಫಿನ್‌ಗಳ ಸಂದಿನಲ್ಲಿ, ರೇಡಿಯೇಟರಿನ ಜಾಲರಿಯಲ್ಲಿ ಗಟ್ಟಿಯಾಗಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಇದನ್ನು ತೊಳೆಯುವುದು ಎಂಜಿನ್ ಪೂರ್ತಿ ಆರಿದ ಮೇಲೆಯೇ, ಬೆಳಗಿನ ಹೊತ್ತು, ಕಡಿಮೆ ಒತ್ತಡದ ನೀರಿನಿಂದ. ಕಾದ ಸಿಲಿಂಡರಿನ ಮೇಲೆ ತಣ್ಣೀರು ಎರಚಿದರೆ ಲೋಹ ಎಲ್ಲೆಡೆ ಸಮನಾಗಿ ಕುಗ್ಗದೆ ಸೊಟ್ಟಗಾಗುವ, ಬಿರುಕು ಬಿಡುವ ಭಯವಿದೆ.