ತಗಾವಿಯಿಂದ ಮುದ್ರಾ ಸಾಲದವರೆಗೆ

ಕಳೆದ ಶ್ರಾವಣದಲ್ಲಿ ಶ್ರೀಮಠದ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬನು ಬನವಾಸಿಯ ಕಡೆಯಿಂದ ನಮ್ಮ ದರ್ಶನಕ್ಕೆ ಬಂದಿದ್ದನು. ಹಲಸಿನ ಹಪ್ಪಳ, ಬಾಳೆಯ ಸುಕೇಳಿ ಮಾಡಿ ಮಾರುವ ಸಣ್ಣ ಉದ್ಯೋಗವೊಂದನ್ನು ಹೂಡಬೇಕೆಂಬುದು ಅವನ ಸಂಕಲ್ಪ. "ಬುದ್ಧೀ, ಸರ್ಕಾರದ ಹಣ ಪುಕ್ಕಟೆಯಾಗಿ ಬರ್ತದೆ ಅಂತ ಒಬ್ಬರು ಹೇಳಿದರು. ಅರ್ಜಿ ಬರೆಸಲಿಕ್ಕೆ ಎಂಟು ಸಾವಿರ ಕೊಟ್ಟೆ. ಈಗ ಅವರು ಫೋನೇ ಎತ್ತುವುದಿಲ್ಲ" ಎಂದು ತಲೆತಗ್ಗಿಸಿ ನಿಂತನು. ಎಂಟು ಸಾವಿರ ರೂಪಾಯಿ ಅವನ ಪಾಲಿಗೆ ಸಣ್ಣ ಮೊತ್ತವಲ್ಲ. ಆದರೆ ಹಣಕ್ಕಿಂತ ಮಿಗಿಲಾದುದೊಂದನ್ನು ಆತನು ಕಳೆದುಕೊಂಡಿದ್ದನು, ಅದು ಧೈರ್ಯ. ಸರ್ಕಾರದ ಹಣವೆಂದರೇನು, ಅದು ಯಾವ ದಾರಿಯಿಂದ ಯಾರ ಬಾಗಿಲಿಗೆ ಬಂದಿತು, ಯಾರ ಬಾಗಿಲಿಗೆ ಬರಲಿಲ್ಲ ಎಂಬ ಚರಿತ್ರೆಯನ್ನು ಅರಿತವನು ಇಂಥ ಮೋಸಕ್ಕೆ ಸುಲಭವಾಗಿ ಈಡಾಗಲಾರನು. ಆದ್ದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಘಟ್ಟದ ಮೇಲಿನ ಮೂರು ತಾಲೂಕುಗಳನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಸದ್ಭಕ್ತರಲ್ಲಿ ನಿವೇದಿಸುತ್ತೇವೆ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯು ಕುಮಟೆಯ ಬಂದರಿಗೆ ಇಳಿಯುವ ದಾರಿಯಲ್ಲಿದ್ದುದರಿಂದ ಶಿರಸಿಯು ಪೇಟೆಯಾಗಿ ಬೆಳೆಯಿತು. ಆದರೆ ಪೇಟೆಯು ಬೆಳೆದ ಮಾತ್ರಕ್ಕೆ ಒಕ್ಕಲಿಗನು ಬೆಳೆಯಲಿಲ್ಲ. ಅಡಕೆ ತೋಟದವನ ಕಷ್ಟವು ಕಾಲಕ್ಕೆ ಸಂಬಂಧಿಸಿದುದು. ಫಸಲು ಕೈಸೇರುವುದು ಚಳಿಗಾಲದಲ್ಲಿ; ಖರ್ಚು ಬರುವುದು ಮಳೆಗಾಲದಲ್ಲಿ. ಕೊಳೆರೋಗ ತಗುಲದಂತೆ ಗೊನೆಗೆ ಕೊಟ್ಟೆ ಕಟ್ಟಿಸಬೇಕು, ಆಳುಗಳಿಗೆ ಕೂಲಿ ಕೊಡಬೇಕು, ಮನೆಗೆ ಅಕ್ಕಿ ತರಬೇಕು. ಆಗ ಪೇಟೆಯ ಸಾಹುಕಾರನು ಮುಂಗಡ ಕೊಡುತ್ತಿದ್ದನು; ಬದಲಿಗೆ ಬರಲಿರುವ ಅಡಕೆಯು ಅವನ ವಖಾರಿಗೇ ಬರಬೇಕು. ತೂಕ ಅವನದು, ದರ ಅವನದು, ಲೆಕ್ಕದ ಪುಸ್ತಕವೂ ಅವನದೇ. ಬಡ್ಡಿಗಿಂತಲೂ ಈ ಕಟ್ಟುಪಾಡೇ ಬೆಳೆಗಾರನ ಕೊರಳಿಗೆ ಬಿಗಿದ ಹಗ್ಗವಾಗಿತ್ತು.

ಸರ್ಕಾರವು ಈ ಸಂಕಟವನ್ನು ಕಾಣದೆ ಇರಲಿಲ್ಲ. 1883ರಲ್ಲಿ ಭೂ ಸುಧಾರಣೆಯ ಸಾಲಗಳ ಕಾಯಿದೆಯೂ 1884ರಲ್ಲಿ ಒಕ್ಕಲಿಗರ ಸಾಲಗಳ ಕಾಯಿದೆಯೂ ಜಾರಿಗೆ ಬಂದವು. ಬಾವಿ, ಕೆರೆ, ಒಡ್ಡುಗಳಿಗೆ ಮೊದಲನೆಯದು. ಬೀಜ, ದನ, ಕ್ಷಾಮದ ಸಂಕಷ್ಟಕ್ಕೆ ಎರಡನೆಯದು. ಇದನ್ನೇ ಜನರು ತಗಾವಿ ಸಾಲವೆಂದು ಕರೆದರು. ಬಲಪಡಿಸುವುದು ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಶಬ್ದವಿದು. ಹೆಸರು ಒಳ್ಳೆಯದೇ. ಆದರೆ ತಗಾವಿಗೆ ಭೂಮಿಯೋ ಜಾಮೀನೋ ಬೇಕು, ಕಚೇರಿಗೆ ಅಲೆಯಬೇಕು, ಮರುಪಾವತಿ ತಪ್ಪಿದರೆ ಅದನ್ನು ಕಂದಾಯದ ಬಾಕಿಯಂತೆ ವಸೂಲು ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ಸಾಹುಕಾರನು ಕಾಯುತ್ತಿದ್ದನು, ಸರ್ಕಾರವು ಕಾಯುತ್ತಿರಲಿಲ್ಲ. ಆದಕಾರಣ ಅಗ್ಗದ ಬಡ್ಡಿಯ ತಗಾವಿಗಿಂತ ದುಬಾರಿ ಬಡ್ಡಿಯ ಮುಂಗಡವನ್ನೇ ಅನೇಕರು ಆಶ್ರಯಿಸಿದುದು ಆಶ್ಚರ್ಯವಲ್ಲ. ಒಕ್ಕಲುತನವಲ್ಲದ ಕಸುಬುಗಳಿಗಂತೂ ಈ ಕಾಯಿದೆಗಳಲ್ಲಿ ಸ್ಥಾನವೇ ಇರಲಿಲ್ಲ.

ಮೂರನೆಯ ದಾರಿಯು 1904ರಲ್ಲಿ ತೆರೆಯಿತು. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯನು ಹಳ್ಳಿಗಳಲ್ಲಿ ಸ್ಥಾಪಿಸಿದ ಸಾಲದ ಸಂಘಗಳನ್ನು ಅಭ್ಯಸಿಸಿ ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರು ವರದಿಯೊಂದನ್ನು ಸಲ್ಲಿಸಿದ್ದರು. ಅದರ ತರುವಾಯ ಬಂದುದೇ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಹತ್ತು ಮಂದಿ ಕೂಡಿ ಸಂಘ ಕಟ್ಟಬಹುದು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಂಥ ಸಂಘವನ್ನು ಸ್ಥಾಪಿಸಿ ಇಡೀ ದೇಶಕ್ಕೆ ಮೊದಲಿಗರಾದರೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. 1912ರ ಕಾಯಿದೆಯು ಸಾಲಕ್ಕಷ್ಟೇ ಅಲ್ಲದೆ ಮಾರಾಟ ಮೊದಲಾದ ಕಾರ್ಯಗಳಿಗೂ, ಜಿಲ್ಲೆಯ ಮಧ್ಯವರ್ತಿ ಬ್ಯಾಂಕುಗಳಿಗೂ ಅವಕಾಶವಿತ್ತಿತು. ಶಿರಸಿಯಲ್ಲಿ 1920ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕೂ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವೂ ಜನ್ಮತಾಳಿದವು.

ಈ ಎರಡರ ಜೋಡಣೆಯಲ್ಲಿಯೇ ಒಂದು ಜಾಣ್ಮೆಯಿದೆ. ಬೆಳೆಗಾರನು ಮಳೆಗಾಲದಲ್ಲಿ ಸಹಕಾರದ ಸಾಲ ಪಡೆಯುವನು. ಫಸಲು ಬಂದಾಗ ಚಾಲಿ, ರಾಶಿ, ಬೆಟ್ಟೆ ಎಂದು ವಿಂಗಡಿಸಿದ ಅಡಕೆಯನ್ನು ಸಂಘದ ಅಂಗಳಕ್ಕೆ ತರುವನು. ವ್ಯಾಪಾರಿಗಳು ಪೈಪೋಟಿಯಿಂದ ದರ ಹೇಳುವರು. ಸಾಲವು ಮಾರಿದ ಹಣದಲ್ಲಿ ಮುರಿದು, ಮಿಕ್ಕುದು ಬೆಳೆಗಾರನ ಕೈಸೇರುವುದು. ಸಾಹುಕಾರನು ಮಾಡುತ್ತಿದ್ದ ಕೆಲಸವೂ ಇದೇ ಅಲ್ಲವೇ ಎಂದು ಕೇಳಬಹುದು. ಅಹುದು, ಆದರೆ ಇಲ್ಲಿ ತಕ್ಕಡಿಯು ಬೆಳೆಗಾರರದೇ, ಲೆಕ್ಕದ ಪುಸ್ತಕವು ಸರ್ಕಾರಿ ಲೆಕ್ಕತಪಾಸಣೆಗೆ ಒಳಪಟ್ಟುದು. ಸರ್ಕಾರದ ಪಾಲು ಇಲ್ಲಿ ಹಣಕ್ಕಿಂತ ಹೆಚ್ಚಾಗಿ ಕಾನೂನು ಮತ್ತು ಮೇಲ್ವಿಚಾರಣೆಯ ರೂಪದಲ್ಲಿತ್ತು.

ಇದೇ ಸರ್ಕಾರದ ಇನ್ನೊಂದು ಮುಖವನ್ನು ಸಿದ್ದಾಪುರದ ಜನರು 1932ರಲ್ಲಿ ಕಂಡರು. ಕರನಿರಾಕರಣೆಯ ಚಳವಳಿಯಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ರೈತರು ಕಂದಾಯ ಕೊಡಲೊಲ್ಲೆವೆಂದಾಗ ಅವರ ಜಮೀನು, ಮನೆ, ಪಾತ್ರೆಗಳು ಜಪ್ತಿಯಾದವು. ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಸತ್ಯಾಗ್ರಹ ಹೂಡಿದರು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದ ತರುವಾಯ ಆ ಭೂಮಿಗಳನ್ನು ಹಿಂದಿರುಗಿಸುವ ಕಾರ್ಯ ನಡೆಯಿತು. ತಗಾವಿ ಕೊಡುವ ಕೈಯೇ ಜಪ್ತಿಯನ್ನೂ ಮಾಡಬಲ್ಲುದೆಂಬುದನ್ನು ಕಂಡ ಜನರು ತಾವೇ ಕಟ್ಟಿದ ಸಂಘವನ್ನು ಹೆಚ್ಚು ನೆಚ್ಚಿದುದು ಸಹಜವೇ ಆಗಿದೆ.

ಹಾಗೆಂದು ಸಹಕಾರವು ಎಲ್ಲರನ್ನೂ ಮುಟ್ಟಿತೆಂದು ಬರೆದರೆ ಚರಿತ್ರೆಗೆ ಅಪಚಾರವಾದೀತು. ರಿಸರ್ವ್ ಬ್ಯಾಂಕು 1951-52ರಲ್ಲಿ ನಡೆಯಿಸಿ ಗೋರವಾಲಾ ಸಮಿತಿಯ ಮೂಲಕ 1954ರಲ್ಲಿ ಪ್ರಕಟಿಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಅಂಕಿಗಳು ಕಣ್ಣು ತೆರೆಸುವಂಥವು. ಒಕ್ಕಲಿಗನು ತಂದ ನೂರು ರೂಪಾಯಿ ಸಾಲದಲ್ಲಿ ಸರ್ಕಾರದಿಂದ ಬಂದುದು 3.3, ಸಹಕಾರಿ ಸಂಘಗಳಿಂದ 3.1, ವಾಣಿಜ್ಯ ಬ್ಯಾಂಕುಗಳಿಂದ 0.9 ಮಾತ್ರ. ಸುಮಾರು ಎಪ್ಪತ್ತು ರೂಪಾಯಿಗಳು ಬಡ್ಡಿ ವ್ಯವಹಾರದವರಿಂದಲೇ ಬಂದಿದ್ದವು. ಅರ್ಧ ಶತಮಾನದ ಪ್ರಯತ್ನದ ಫಲವು ದೇಶದ ಮಟ್ಟದಲ್ಲಿ ಇಷ್ಟೇ ಆಗಿತ್ತು.

ನಮ್ಮ ಮೂರು ತಾಲೂಕುಗಳಲ್ಲಿಯೂ ಹೊರಗುಳಿದವರಿದ್ದರು. ಹೆಸರಿನಲ್ಲಿ ಭೂಮಿಯಿಲ್ಲದ ಗೇಣಿದಾರನು ಯಾವುದನ್ನು ಅಡವಿಡಬೇಕು? ಗಂಧದ ಕೊರಡಿನಲ್ಲಿ ದೇವಾನುದೇವತೆಗಳನ್ನು ಮೂಡಿಸುವ, ಬೆಂಡಿನಲ್ಲಿ ಬಾಸಿಂಗ ಕಟ್ಟುವ ಗುಡಿಗಾರನ ಆಸ್ತಿಯೆಂದರೆ ಉಳಿ ಮತ್ತು ಕೈಚಳಕ. ಅವುಗಳಿಗೆ ಪಹಣಿ ಪತ್ರಿಕೆಯಿಲ್ಲ. ಗಂಧವೂ ಸರ್ಕಾರದ ಸ್ವತ್ತಾದುದರಿಂದ ಅವನಿಗೆ ಹಣದಷ್ಟೇ ಕಚ್ಚಾ ಮಾಲಿನ ಚಿಂತೆಯೂ ಇತ್ತು. ಯಲ್ಲಾಪುರದ ಕಾಡಂಚಿನ ಸಿದ್ದಿಯರನ್ನು ಸಾಲದ ಲೆಕ್ಕದಲ್ಲಿ ಕಾಣುವುದೇ ದುರ್ಲಭವಾಗಿತ್ತು.

ಈ ಬಾಗಿಲುಗಳು ತೆರೆದುದು ಒಂದೊಂದಾಗಿ. 1956ರ ನವೆಂಬರ್ 1ರಂದು ಜಿಲ್ಲೆಯು ಕನ್ನಡ ನಾಡಿನಲ್ಲಿ ಒಂದಾಯಿತು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆಯು ಸಣ್ಣ, ಮಧ್ಯಮ ಕೈಗಾರಿಕೆಗಳಿಗಾಗಿ ಸ್ಥಾಪಿತವಾಯಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೊಂಡ ಭೂಸುಧಾರಣೆಯು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಇದನ್ನು ನಾವು ಸಾಮಾನ್ಯವಾಗಿ ಭೂಮಿಯ ಚರಿತ್ರೆಯಲ್ಲಿ ಓದುತ್ತೇವೆ. ಅದು ಸಾಲದ ಚರಿತ್ರೆಯೂ ಹೌದು, ಏಕೆಂದರೆ ಪಹಣಿಯಲ್ಲಿ ಹೆಸರು ಬಂದ ದಿನವೇ ಅವನು ಬ್ಯಾಂಕಿನ ಮುಂದೆ ನಿಲ್ಲಲು ಅರ್ಹನಾದನು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಯೋಜನೆ ಬಂದಿತು. ಕುಮಟೆಯನ್ನು ಕೇಂದ್ರವಾಗುಳ್ಳ ವರದಾ ಗ್ರಾಮೀಣ ಬ್ಯಾಂಕು ಹುಟ್ಟಿ, 2005ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು.

ಇನ್ನು ಇತ್ತೀಚಿನ ಯೋಜನೆಗಳ ಮಾತು. 2008ರಲ್ಲಿ ಎರಡು ಹಳೆಯ ಯೋಜನೆಗಳನ್ನು ಕೂಡಿಸಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ರೂಪಿಸಲಾಯಿತು. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡಾ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಶೇಕಡಾ 35 ಸಹಾಯಧನವೆಂಬುದು ಅದರ ನಿಯಮ. ಆದರೆ ಉದ್ಯೋಗಿಯು ಶೇಕಡಾ 10 ಅಥವಾ 5ರಷ್ಟು ಸ್ವಂತ ಹಣ ಹೂಡಬೇಕು. ಉಳಿದುದು ಬ್ಯಾಂಕಿನ ಸಾಲ. ಸಹಾಯಧನವೂ ಕೈಗೆ ಬರುವುದಿಲ್ಲ; ಅದು ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಉದ್ಯೋಗವು ನಡೆದಿದೆಯೆಂದು ಕಂಡ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. 2010ರಲ್ಲಿ ರಿಸರ್ವ್ ಬ್ಯಾಂಕು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ವಿಧಿಸಿತು. 2015ರ ಏಪ್ರಿಲ್ 8ರಂದು ಮುದ್ರಾ ಯೋಜನೆ ಆರಂಭವಾಯಿತು. ಅದರ ಶಿಶು ಸಾಲವು 50,000 ರೂಪಾಯಿಯವರೆಗೆ, ಕಿಶೋರವು 5 ಲಕ್ಷದವರೆಗೆ, ತರುಣವು 10 ಲಕ್ಷದವರೆಗೆ. 2020ರಲ್ಲಿ ಕಿರು ಆಹಾರ ಸಂಸ್ಕರಣೆಗೆಂದು ಬಂದ ಯೋಜನೆಯಲ್ಲಿ ಶೇಕಡಾ 35ರಷ್ಟು, ಹೆಚ್ಚೆಂದರೆ 10 ಲಕ್ಷ, ಸಹಾಯಧನವನ್ನು ಗೊತ್ತುಪಡಿಸಲಾಯಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯು ಬಡಗಿ, ಶಿಲ್ಪಿ, ಕುಂಬಾರ ಮೊದಲಾದ ಹದಿನೆಂಟು ಕಸುಬುಗಳವರಿಗೆ ಶೇಕಡಾ 5ರ ಬಡ್ಡಿಯಲ್ಲಿ ಅಡಮಾನವಿಲ್ಲದ ಸಾಲವನ್ನು ಸಾರಿತು. ಉಳಿಗೆ ಪಹಣಿಯಿಲ್ಲವೆಂಬ ಹಳೆಯ ದೂರಿಗೆ ಸರ್ಕಾರವು ಕೊಟ್ಟ ಉತ್ತರವಿದು; ತಡವಾದರೂ ಬಂದಿತು.

ಈ ಸುದೀರ್ಘ ಚರಿತ್ರೆಯಿಂದ ನಾವು ಗ್ರಹಿಸತಕ್ಕುದೇನು? ಮೊದಲನೆಯದಾಗಿ, ತಗಾವಿಯ ಕಾಲದಿಂದ ಮುದ್ರಾದವರೆಗೆ ಸರ್ಕಾರದ ಹಣವು ಬಹುಮಟ್ಟಿಗೆ ಸಾಲವೇ ಹೊರತು ದಾನವಲ್ಲ. ಸಹಾಯಧನವೂ ನಡೆಯುವ ಉದ್ಯೋಗಕ್ಕೆ ಸಲ್ಲುವುದು, ಬರೆದ ಅರ್ಜಿಗಲ್ಲ. ಪುಕ್ಕಟೆ ಹಣವೆಂದು ಹೇಳುವವನು ಅಜ್ಞಾನಿ, ಇಲ್ಲವೆ ವಂಚಕ. ಎರಡನೆಯದಾಗಿ, ಅಡಮಾನವು ಹೋದ ಮೇಲೂ ನಂಬಿಕೆಯ ಅಗತ್ಯವು ಹೋಗಿಲ್ಲ. 1904ರ ಸಂಘದಲ್ಲಿ ಪಕ್ಕದ ಮನೆಯವನು ನಮ್ಮನ್ನು ಬಲ್ಲವನಾಗಿದ್ದನು. ಇಂದಿನ ಬ್ಯಾಂಕಿನ ವ್ಯವಸ್ಥಾಪಕರು ದೂರದೂರಿನಿಂದ ವರ್ಗವಾಗಿ ಬಂದವರು. ಅವರಿಗೆ ನಮ್ಮ ಪರವಾಗಿ ಮಾತನಾಡುವುದು ನಮ್ಮ ಲೆಕ್ಕದ ಪುಸ್ತಕ ಒಂದೇ. ಮೂರನೆಯದಾಗಿ, ಕಾಯಕಕ್ಕೆ ಮೂಲಧನ ಬೇಕು. ಆದರೆ ಮೂಲಧನವೇ ಕಾಯಕವಲ್ಲ. ಮಾಡಿದ ಹಪ್ಪಳವನ್ನು ಯಾರು ಕೊಳ್ಳುವರೆಂಬುದನ್ನು ಯೋಚಿಸದೆ ತಂದ ಸಾಲವು ಸಾಹುಕಾರನ ಮುಂಗಡಕ್ಕಿಂತ ಮೇಲಲ್ಲ. ಸಾಲ ಕೊಡುವ ಬ್ಯಾಂಕಿನೊಡನೆ ಮಾರಾಟ ಸಂಘವನ್ನೂ ಕಟ್ಟಿದ ಶಿರಸಿಯ ಹಿರಿಯರು ಇದನ್ನು ಅಂದೇ ಅರಿತಿದ್ದರು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದೀರಿ, ಲೆಕ್ಕಪತ್ರ ಬಲ್ಲವರಿದ್ದೀರಿ, ಕಾರವಾರದ ಕಚೇರಿಗಳ ದಾರಿ ತಿಳಿದವರಿದ್ದೀರಿ. ಘಟ್ಟ ಇಳಿದು ಅಲೆಯಲಾರದ ಹುಡುಗನೊಬ್ಬನ ಅರ್ಜಿಯನ್ನು ಒಂದು ಸಂಜೆ ಕುಳಿತು ತಿದ್ದಿಕೊಟ್ಟರೆ ದಲ್ಲಾಳಿಯ ಕೈಗೆ ಹೋಗುವ ಎಂಟು ಸಾವಿರ ಉಳಿಯುತ್ತದೆ. ಪ್ರಸಾದ ನಿಲಯದಲ್ಲಿ ಉಂಡ ಅನ್ನದ ಋಣವನ್ನು ತೀರಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಆ ಯುವಕನು ಈಗ ಮನೆಯ ಒಲೆಯಲ್ಲಿಯೇ ಹಪ್ಪಳ ಮಾಡಿ ಶಿರಸಿಯ ಎರಡು ಅಂಗಡಿಗಳಿಗೆ ಕೊಡುತ್ತಿದ್ದಾನೆ. ಬಂದುದನ್ನೂ ಹೋದುದನ್ನೂ ದಿನವೂ ಬರೆದಿಡುತ್ತಿದ್ದಾನೆ. ಒಂದು ವರ್ಷದ ಲೆಕ್ಕವನ್ನು ಹಿಡಿದು ಬ್ಯಾಂಕಿಗೆ ಹೋಗುವೆನೆಂದು ಹೇಳಿದ್ದಾನೆ. ಅಂದು ಅವನ ಜೊತೆಯಲ್ಲಿ ಹೋಗಲು ನಿಮ್ಮಲ್ಲಿ ಯಾರಾದರೊಬ್ಬರು ಸಿದ್ಧರಿರಬೇಕೆಂಬುದು ನಮ್ಮ ಆಶಯವಾಗಿದೆ.