ಬಾಯ್ಲರ್ ಕಟ್ಟುವವರ ಕಿವಿ

ಬ್ಲೇರ್ ಅಥಾಲ್‌ನಿಂದ ಪ್ರಾಸ್ಪೆಕ್ಟ್ ರಸ್ತೆಯನ್ನು ದಾಟಿದರೆ ಕಿಲ್ಬರ್ನ್. ಅಲ್ಲಿದೆ ಇಸ್ಲಿಂಗ್ಟನ್ ರೈಲ್ವೆ ಕಾರ್ಯಾಗಾರ. 520 ಶ್ರೇಣಿಯ ಉಗಿಬಂಡಿಗಳು 1940ರ ದಶಕದಲ್ಲಿ ರೂಪುಗೊಂಡದ್ದು ಇಲ್ಲಿಯೇ. ಉಗಿಬಂಡಿಯ ಬಾಯ್ಲರಿಗೆ ರಿವೆಟ್ ಹೊಡೆಯುವ ಹಳೆಯ ಕ್ರಮದಲ್ಲಿ ಒಬ್ಬ ಕೆಲಸಗಾರ ಒಳಗೆ ಕುಳಿತು ರಿವೆಟ್ಟಿಗೆ ಆನಿಕೆ ಕೊಡುತ್ತಿದ್ದ. ಮತ್ತೊಬ್ಬ ಹೊರಗಿನಿಂದ ಸುತ್ತಿಗೆಯಿಂದ ಬಡಿಯುತ್ತಿದ್ದ. ದೇವಾಲಯದ ಗಂಟೆಯೊಳಗೆ ತಲೆಯಿಟ್ಟು ದಿನವಿಡೀ ಗಂಟೆ ಬಾರಿಸಿಕೊಂಡಂತೆ! ಇಂಥವರ ಕಿವುಡಿಗೆ ವೈದ್ಯಲೋಕವು ಅವರ ಕಸುಬಿನ ಹೆಸರನ್ನೇ ಇಟ್ಟಿತು.

ಸದ್ದು ಕಿವಿಯನ್ನು ಕೆಡಿಸುತ್ತದೆಂಬುದು ಅದಕ್ಕೂ ಬಹಳ ಹಿಂದೆ ತಿಳಿದಿದ್ದ ಸಂಗತಿ. ಇಟಲಿಯ ವೈದ್ಯ ರಾಮಜ್ಜೀನಿ 1713ರಲ್ಲಿ ವಿಸ್ತರಿಸಿ ಪ್ರಕಟಿಸಿದ, ಕಸುಬುದಾರರ ರೋಗಗಳನ್ನು ಕುರಿತ ಗ್ರಂಥದಲ್ಲಿ ತಾಮ್ರ ಬಡಿಯುವವರ ಕಿವುಡನ್ನು ದಾಖಲಿಸಿದ್ದನು. 1886ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದನು. ಹೋಲಿಕೆಗಾಗಿ ಅಂಚೆಯವರನ್ನೂ ಪರೀಕ್ಷಿಸಿದ್ದು ಅವನ ಜಾಣತನ. ಆ ನೂರು ಬಾಯ್ಲರ್ ಕೆಲಸಗಾರರಲ್ಲಿ ಒಬ್ಬನ ಶ್ರವಣಶಕ್ತಿಯೂ ಸಹಜವಾಗಿ ಉಳಿದಿರಲಿಲ್ಲ.

ರಕ್ಷಣೆಯ ಉಪಾಯವೇನೂ ದುಬಾರಿಯದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಔಷಧಕಾರ ಮ್ಯಾಕ್ಸ್ ನೆಗ್ವರ್ ಮೇಣ ಹಾಗೂ ಹತ್ತಿಯ ಬಿರಡೆಗಳನ್ನು 'ಓರೊಪ್ಯಾಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದನು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಅವನ್ನು ಬಳಸಿದರು. ಇಂದಿನ ಮೆತ್ತನೆಯ ಫೋಮ್ ಬಿರಡೆ ಬಂದದ್ದು 1970ರ ದಶಕದಲ್ಲಿ. ಆದರೂ ಕಿವುಡನ್ನು ಕಸುಬಿನ ಹಣೆಬರಹವೆಂದೇ ಜನ ಬಹುಕಾಲ ಒಪ್ಪಿಕೊಂಡಿದ್ದರು. ನನ್ನ ಮಟ್ಟಿಗೆ, ಈ ಇತಿಹಾಸದಲ್ಲಿ ತೀರ ನೋವಿನ ಭಾಗ ಇದೇ.

ಈಗ ಕಾರ್ಖಾನೆಗೆ ಕಾನೂನಿದೆ: ಆಸ್ಟ್ರೇಲಿಯಾದಲ್ಲಿ ಕಾರ್ಮಿಕನಿಗೆ ಎಂಟು ಗಂಟೆಯ ಸರಾಸರಿ ಮಿತಿ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ದಕ್ಕುವುದು ಹದಿನೈದೇ ನಿಮಿಷ. ಉತ್ಸವಕ್ಕೆ ಬಂದ ಅತಿಥಿಯ ಕಿವಿಯನ್ನು ಕಾಯುವವರು ಯಾರು? ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದರೂ, ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿಯಿತ್ತವು. ನೆರೆಯವರ ನಿದ್ದೆಗೆ ರಕ್ಷಣೆ ದೊರೆಯಿತು, ಒಳಗೆ ಕುಳಿತವರಿಗಲ್ಲ.

ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ನಾನು ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಇದ್ದೆ. ಡೊಳ್ಳು ಮುಗಿದು ಚಿತ್ರಗೀತೆ ಆರಂಭವಾದಾಗ, ಧ್ವನಿವರ್ಧಕದ ಎದುರು ಕುಳಿತಿದ್ದ ಪುಟ್ಟ ಬಾಲಕನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದ. ಹಿರಿಯರು ನಕ್ಕರು, ನಾನೂ ನಕ್ಕೆ. ಆ ರಾತ್ರಿ ಮಲಗುವವರೆಗೂ ನನ್ನ ಕಿವಿ ಗುಂಯ್ಗುಡುತ್ತಿತ್ತು. ಒಳಗಿವಿಯ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲವೆಂದು ಓದಿ ಪರೀಕ್ಷೆ ಬರೆದವನು ನಾನು. ಅಂದು ಆ ಸಭಾಂಗಣದಲ್ಲಿ ಸರಿಯಾಗಿ ವರ್ತಿಸಿದವನು ಆ ಬಾಲಕನೊಬ್ಬನೇ.

ಆದ್ದರಿಂದ ಬರುವ ರಾಜ್ಯೋತ್ಸವದಂದು ಅರಿಶಿನ-ಕುಂಕುಮದ ತಟ್ಟೆಯ ಪಕ್ಕದಲ್ಲೇ ಫೋಮ್ ಬಿರಡೆಗಳ ಡಬ್ಬಿಯನ್ನು ಇಡುವೆ. ಬರಿಯ ಹತ್ತಿ ತುರುಕಿಕೊಂಡರೆ ಹೆಚ್ಚಿನ ಪ್ರಯೋಜನವಿಲ್ಲ. ಬಿರಡೆಯನ್ನು ಬೆರಳುಗಳ ನಡುವೆ ಸಣ್ಣಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಸೇರಿಸಿ, ಅದು ಉಬ್ಬುವವರೆಗೆ ಬೆರಳಿನಿಂದ ಹಿಡಿದಿರಬೇಕು. ಎಳೆಯ ಮಕ್ಕಳಿಗೆ ಬಿರಡೆ ಬೇಡ. ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ಒಳಿತು. ಧರಿಸಿದ ಮೇಲೂ ಡೊಳ್ಳು ಚೆನ್ನಾಗಿಯೇ ಕೇಳಿಸುತ್ತದೆ.