ಹಂಡೆದಿಂದ ಗೀಸರಿನ ತನಕ

ನಾ ಮದುವಿಯಾಗಿ ಬಂದಾಗ ಬಚ್ಚಲಮನ್ಯಾಗ ತಾಮ್ರದ ಹಂಡೆ ಇತ್ತು. ಕಟಗಿ, ಕುಳ್ಳು ಹಚ್ಚಿ ನೀರು ಕಾಸಿ, ತಂಬಿಗಿಲೆ ಹಾಕ್ಕೊಳ್ಳೋದು. ಆಮ್ಯಾಲ ಬಂಬ್ ಬಂತು, ನಡುವ ಕೊಳವ್ಯಾಗ ಬೆಂಕಿ, ಸುತ್ತಲೂ ನೀರು. ಆಗ ಪ್ರೆಷರ್ ಅನ್ನೋ ಮಾತೇ ಇರಲಿಲ್ಲ.

'ಗೀಸರ್' ಹೆಸರು ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯದು. 1868ರಾಗ ಲಂಡನ್ನಿನ ಬೆಂಜಮಿನ್ ಮಾನ್ ಅನ್ನೋರು ಗ್ಯಾಸಿನ ಉರಿಯಿಂದ ನೀರು ಕಾಸೋ ಯಂತ್ರ ಮಾಡಿ ಆ ಹೆಸರಿಟ್ಟರು. ಹೊಗಿ ಹೊರಗ ಹೋಗೋ ಕೊಳವಿನೇ ಅದಕ್ಕಿರಲಿಲ್ಲ, ಹಿಂಗಾಗಿ ಅಪಾಯದ್ದು. ಕರೆಂಟಿನ ಗೀಸರ್ ಬಂದದ್ದು ಆಮ್ಯಾಲ.

ನಮ್ಮ ಅತ್ತಿಯವರಿಗೆ ಭುಜ ಹಿಡಕೊಂಡು ತಂಬಿಗಿ ಎತ್ತಲಿಕ್ಕೆ ಆಗದಾತು. ಶಾವರ್ ಹಾಕಿಸಿದ್ವಿ, ನೀರು ಹನಿಹನಿ. ಅಂಗಡಿಯವರು ದೊಡ್ಡ ಗೀಸರ್ ತಗೋರಿ ಅಂದ್ರು, 25 ಲೀಟರಿಂದು ತಂದ್ವಿ. ರೊಕ್ಕ ಹೋತು, ಹನಿ ಹಂಗೇ ಉಳೀತು!

ಕಡೀಕ ಪ್ಲಂಬರ್ ತಿಳಿಸಿ ಹೇಳಿದ. ಗೀಸರ್ ನೀರು ಕಾಸ್ತದ, ದೂಡೂದಿಲ್ಲ. ದೂಡೋದು ಟ್ಯಾಂಕಿನ ಎತ್ತರ. 10 ಮೀಟರ್ ಎತ್ತರ ಇದ್ರ ಸುಮಾರು 1 ಬಾರ್ ಪ್ರೆಷರ್. ನಮ್ಮ ಟ್ಯಾಂಕ್ ಶಾವರಿಗಿಂತ 10 ಅಡಿ ಅಷ್ಟೇ ಮ್ಯಾಲ, ಅಂದ್ರ 0.3 ಬಾರ್.

ಅದಕ್ಕ ಅಕ್ಕಾರ, ಮೊದಲು ಶಾವರಿನ ತೂತಿನಾಗ ಕೂತ ಉಪ್ಪು ತಗೀರಿ. ಆಗದಿದ್ರ ಟ್ಯಾಂಕಿನ ಪೈಪಿಗೆ ಸಣ್ಣ ಪ್ರೆಷರ್ ಪಂಪ್ ಕೂಡಸ್ರಿ. ಗೀಸರ್ ಎಷ್ಟು ಬಾರ್ ತಡೀತದ ಅಂತ ಅದರ ಮ್ಯಾಲೇ ಬರದಿರ್ತದ, ಪಂಪ್ ಅದಕ್ಕಿಂತ ಕಡಿಮಿ ಇರಲಿ.

ಈಗ ಅತ್ತಿಯವರು ಸ್ಟೂಲ್ ಮ್ಯಾಲ ಕೂತು ತಾವೇ ಜಳಕಾ ಮಾಡ್ತಾರ. ಹಂಡೆ ಅಂಗಳದಾಗ ಅದ, ಕೊಡೂದಿಲ್ಲ ಅಂತಾರ.